ಡ್ರೈವರ್ ಕರ್ನಲ್ ಒಳಗಿರಬೇಕೋ ಹೊರಗೋ? ಹುಳು ಮನೆಯ ಸೆನ್ಸರ್ ತೊಂದರೆ

ಶಿಡ್ಲಘಟ್ಟ_ಗೂಡು

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಡಿ.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ಮನೆಯಲ್ಲಿ ರಾಸ್ಪ್‌ಬೆರಿ ಪೈ 3 ಅನ್ನುವ ಚಿಕ್ಕ ಕಂಪ್ಯೂಟರ್ ಇಟ್ಟು, ಅದಕ್ಕೆ ಬಿಸಿ, ತೇವ ಅಳೆಯುವ ಡಿಎಚ್‌ಟಿ22 ಸೆನ್ಸರ್ ಸೇರಿಸಿದ್ದೇನೆ. ಬಿಸಿ ಜಾಸ್ತಿಯಾದರೆ ಫ್ಯಾನ್ ಓಡುತ್ತದೆ, ತೇವ ಕಡಿಮೆಯಾದರೆ ಮಂಜಿನ ಹಾಗೆ ನೀರು ಎರಚುವ ಫಾಗರ್ ಓಡುತ್ತದೆ. ಚಾಕಿ (ಮರಿ) ಹುಳುವಿಗೆ 27–28 ಡಿಗ್ರಿ, ಶೇ 85–90 ತೇವ ಬೇಕು. ದೊಡ್ಡ ಹುಳುವಿಗೆ 24–25 ಡಿಗ್ರಿ, ಶೇ 70–75 ಸಾಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಒಳಗೆ ಗಾಳಿ ಕಟ್ಟಿದರೆ ಹುಳು ಉಳಿಯುವುದು ಕಷ್ಟ. ಸಾಕಿದವರಿಗೆಲ್ಲ ಇದು ಗೊತ್ತು.

ತೊಂದರೆ ಏನಂದರೆ, ಸೆನ್ಸರ್ ಓದುವ ನನ್ನ ಪೈಥಾನ್ ಪ್ರೋಗ್ರಾಂ ಆಗಾಗ ಕೈ ಕೊಡುತ್ತದೆ. ಹತ್ತು ಸಲ ಕೇಳಿದರೆ ಎರಡು ಮೂರು ಸಲ ಚೆಕ್‌ಸಮ್ (ಬಂದ ಡೇಟಾ ಸರಿಯೇ ಅಂತ ನೋಡುವ ಲೆಕ್ಕ) ತಪ್ಪು. ಅದೇ ಪೈ ಕ್ಯಾಮೆರಾದ ಫೋಟೋ ಕಳಿಸುತ್ತಿದ್ದರೆ ಅರ್ಧಕ್ಕರ್ಧ ತಪ್ಪು. ಜೊತೆಯಲ್ಲಿ ಕೆಲಸ ಮಾಡುವ ಗೆಳೆಯ "ಯೂಸರ್ ಮೋಡ್ ಅಂದ್ರೆನೇ ನಿಧಾನ, ಡ್ರೈವರ್ ಕರ್ನಲ್ ಒಳಗೆ ಬರಿ, ಸರಿಹೋಗುತ್ತೆ" ಅಂದ. ಡ್ರೈವರ್ ಅಂದರೆ ಹಾರ್ಡ್‌ವೇರ್ ಜೊತೆ ಮಾತಾಡುವ ಕೋಡ್, ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಯೂಸರ್ ಮೋಡ್ ಅಂದರೆ ಅದರ ಹೊರಗೆ ಸಾಮಾನ್ಯ ಪ್ರೋಗ್ರಾಂಗಳು ಓಡುವ ಜಾಗ, ಇಷ್ಟು ಗೊತ್ತು. ನನಗೆ ಸಿ ಭಾಷೆ ಬರುತ್ತದೆ. ಕರ್ನಲ್ ಕೋಡ್ ಯಾವತ್ತೂ ಬರೆದಿಲ್ಲ. ಬೆಳೆ ಇರುವಾಗ ಪೈ ಪೂರ್ತಿ ನಿಂತುಹೋದರೆ ಏನು ಗತಿ ಅನ್ನುವ ಭಯ ಬೇರೆ.

ಕರ್ನಲ್ ಒಳಗೆ ಹಾಕಿದರೆ ನಿಜವಾಗಲೂ ವೇಗ ಜಾಸ್ತಿ ಆಗುತ್ತದಾ?

ನರಸಾಪುರ_ಶಿಫ್ಟ್

ಆಗುತ್ತದೆ. ಯೂಸರ್ ಮೋಡ್‌ನಿಂದ ಹಾರ್ಡ್‌ವೇರ್ ಮುಟ್ಟಬೇಕೆಂದರೆ ಪ್ರತಿ ಸಲ ಕರ್ನಲ್ ಬಾಗಿಲು ತಟ್ಟಬೇಕು. ಒಳಗೆ ಹೋಗುವ ಖರ್ಚು, ಹೊರಗೆ ಬರುವ ಖರ್ಚು, ಡೇಟಾ ಕಾಪಿ ಮಾಡುವ ಖರ್ಚು. ಕರ್ನಲ್ ಒಳಗೇ ಇದ್ದರೆ ಇದು ಯಾವುದೂ ಇಲ್ಲ. ಜೊತೆಗೆ ಇಂಟರಪ್ಟ್, ಅಂದರೆ "ನನ್ನನ್ನು ನೋಡು" ಅಂತ ಹಾರ್ಡ್‌ವೇರ್ ಹಾಕುವ ಕೂಗು, ನೇರವಾಗಿ ನಿಮ್ಮ ಕೋಡ್‌ಗೆ ಬರುತ್ತದೆ. ನಮ್ಮ ಲೈನ್‌ನಲ್ಲಿ ಮೋಟಾರ್ ನಡೆಸುವ ಕಾರ್ಡ್‌ಗಳಿಗೆ ನಾನು ಬೇರೆ ದಾರಿಯನ್ನು ಯೋಚನೆ ಕೂಡ ಮಾಡುವುದಿಲ್ಲ.

ತುಮಕೂರು_ಲೋಕಲ್

ಅಷ್ಟು ಸಲೀಸಾಗಿ ಹೇಳಬೇಡಿ. ನನ್ನ ಕೆಲಸ ನೆಟ್‌ವರ್ಕಿಂಗ್. ದಿನಾ ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತೇನೆ. ನಮ್ಮಲ್ಲಿ ಕಥೆ ಪೂರ್ತಿ ಉಲ್ಟಾ. ವೇಗ ಬೇಕು ಅಂತಲೇ ಡ್ರೈವರನ್ನು ಕರ್ನಲ್‌ನಿಂದ ಹೊರಗೆ ತಂದಿದ್ದಾರೆ.

ಲೆಕ್ಕ ನೋಡಿ. 10 ಗಿಗಾಬಿಟ್ ಕಾರ್ಡ್‌ನಲ್ಲಿ 64 ಬೈಟ್‌ನ ಚಿಕ್ಕ ಪ್ಯಾಕೆಟ್‌ಗಳೇ ಬಂದರೆ ಸೆಕೆಂಡಿಗೆ 1 ಕೋಟಿ 48 ಲಕ್ಷ ಪ್ಯಾಕೆಟ್. ಅಂದರೆ ಒಂದು ಪ್ಯಾಕೆಟ್‌ಗೆ ಸಿಗುವ ಸಮಯ 67 ನ್ಯಾನೋಸೆಕೆಂಡ್. 3 ಗಿಗಾಹರ್ಟ್ಸ್ ಪ್ರೊಸೆಸರ್‌ನಲ್ಲಿ ಅದು ಸುಮಾರು 200 ಸೈಕಲ್, ಅಂದರೆ ಪ್ರೊಸೆಸರ್ ಗಡಿಯಾರದ 200 ಬಡಿತ. ಪ್ಯಾಕೆಟ್‌ಗೊಂದು ಇಂಟರಪ್ಟ್, ಪ್ಯಾಕೆಟ್‌ಗೊಂದು ಬಫರ್, ಪ್ಯಾಕೆಟ್‌ಗೊಂದು ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆ) ಅಂತ ಹೋದರೆ 200 ಸೈಕಲ್‌ನಲ್ಲಿ ಮುಗಿಯುವ ಮಾತೇ ಅಲ್ಲ. ಅದಕ್ಕೇ ಇಂಟೆಲ್‌ನವರು ಡಿಪಿಡಿಕೆ ಅನ್ನುವ ಲೈಬ್ರರಿ ಮಾಡಿದ್ದು. ಅದರಲ್ಲಿ ಡ್ರೈವರ್ ಯೂಸರ್ ಮೋಡ್‌ನಲ್ಲಿ ಕೂರುತ್ತದೆ. ಕಾರ್ಡ್‌ನ ರಿಜಿಸ್ಟರ್‌ಗಳನ್ನು ಪ್ರೋಗ್ರಾಂನ ಮೆಮೊರಿಗೇ ಜೋಡಿಸಿಕೊಳ್ಳುತ್ತದೆ. ಇಂಟರಪ್ಟ್‌ಗೆ ಕಾಯುವುದಿಲ್ಲ, ಒಂದು ಕೋರ್ ಪೂರ್ತಿ ಮೀಸಲಿಟ್ಟು "ಬಂತಾ, ಬಂತಾ" ಅಂತ ಕೇಳುತ್ತಲೇ ಇರುತ್ತದೆ. ಕಾರ್ಡ್ ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಹಾರ್ಡ್‌ವೇರ್ ತಾನೇ ಮೆಮೊರಿ ಮುಟ್ಟುವ ವಿಧಾನ) ಮೂಲಕ ಪ್ಯಾಕೆಟನ್ನು ನೇರ ಪ್ರೋಗ್ರಾಂನ ಮೆಮೊರಿಗೇ ಹಾಕುತ್ತದೆ. ಕಾಪಿಯೂ ಇಲ್ಲ, ಗಡಿ ದಾಟುವುದೂ ಇಲ್ಲ. ಡಿಸ್ಕ್‌ಗೆ ಎಸ್‌ಪಿಡಿಕೆ ಮಾಡುವುದೂ ಇದನ್ನೇ.

ಬೆಲೆ ಇಲ್ಲದೆ ಇಲ್ಲ. ಒಂದು ಪ್ಯಾಕೆಟ್ ಬರದಿದ್ದರೂ ಆ ಕೋರ್ ಶೇ 100 ಓಡುತ್ತಿರುತ್ತದೆ.

ಶಿಡ್ಲಘಟ್ಟ_ಗೂಡು

ಇಬ್ಬರೂ ಸರಿ ಅನ್ನಿಸುತ್ತಿದೆ. ಅದೇ ನನಗೆ ಗೊಂದಲ. ಒಬ್ಬರು ಒಳಗಿದ್ದರೆ ವೇಗ ಅಂತೀರಿ, ಇನ್ನೊಬ್ಬರು ಹೊರಗಿದ್ದರೆ ವೇಗ ಅಂತೀರಿ.

ಪಾಠದ_ಮೇಷ್ಟ್ರು

ಇಬ್ಬರೂ ಹೇಳುತ್ತಿರುವುದು ಒಂದೇ ಮಾತು. ತುಮಕೂರಿನ ಒಂದು ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಂ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮಕ್ಕಳು ಇಲ್ಲೇ ಎಡವುತ್ತಾರೆ.

ಪ್ರೊಸೆಸರ್‌ಗೆ ಕರ್ನಲ್ ಮೋಡ್‌ನಲ್ಲಿ ಬೇರೆ ವೇಗ, ಯೂಸರ್ ಮೋಡ್‌ನಲ್ಲಿ ಬೇರೆ ವೇಗ ಅಂತ ಇಲ್ಲ. ಒಂದು ಕೂಡುವ ಲೆಕ್ಕ ಎರಡು ಕಡೆಯೂ ಅಷ್ಟೇ ಹೊತ್ತು ತಗೊಳ್ಳುತ್ತದೆ. ವ್ಯತ್ಯಾಸ ಇರುವುದು ಎರಡು ಮೋಡ್‌ಗಳ ನಡುವಿನ ಗಡಿಯಲ್ಲಿ. ಕೋಲಾರದ ಟೊಮೇಟೊ ಮಂಡಿ ನೆನೆಸಿಕೊಳ್ಳಿ. ಗೇಟ್‌ನಲ್ಲಿ ಚೀಟಿ ಬರೆಸುವುದಕ್ಕೆ ಎರಡು ನಿಮಿಷ ಹಿಡಿಯಿತು ಅನ್ನಿ. 15 ಕೆಜಿಯ ಒಂದೊಂದೇ ಬಾಕ್ಸ್ ತಂದು, ಒಂದೊಂದಕ್ಕೂ ಚೀಟಿ ಬರೆಸಿದರೆ ದಿನವೆಲ್ಲ ಗೇಟ್‌ನಲ್ಲೇ ಕಳೆಯಿತು. ಟೆಂಪೋ ತುಂಬ ತಂದರೆ ಅದೇ ಎರಡು ನಿಮಿಷ ಲೆಕ್ಕಕ್ಕೇ ಬರುವುದಿಲ್ಲ. ನರಸಾಪುರದವರು ಗೇಟ್‌ನ ಒಳಗೇ ಮನೆ ಮಾಡಿ ಎನ್ನುತ್ತಿದ್ದಾರೆ. ತುಮಕೂರಿನವರು ವ್ಯಾಪಾರವನ್ನೇ ಗೇಟ್‌ನ ಹೊರಗೆ ಇಟ್ಟುಕೊಳ್ಳಿ ಎನ್ನುತ್ತಿದ್ದಾರೆ. ಎರಡರಲ್ಲೂ ಗೇಟ್ ದಾಟುವುದು ತಪ್ಪಿತು, ಅಲ್ವಾ? 2019ರಲ್ಲಿ ಲಿನಕ್ಸ್ 5.1ಕ್ಕೆ ಬಂದ ಐಓ_ಯೂರಿಂಗ್ ಮೂರನೇ ದಾರಿ. ಕರ್ನಲ್, ಪ್ರೋಗ್ರಾಂ ಇಬ್ಬರಿಗೂ ಕಾಣುವ ಒಂದು ಪುಸ್ತಕ ಇಟ್ಟು, ಬೇಕಾದ ಕೆಲಸವನ್ನೆಲ್ಲ ಅದರಲ್ಲಿ ಬರೆದು ಒಟ್ಟಿಗೆ ಕಳಿಸುವುದು.

ಗಡಿಯ ಬೆಲೆಯೂ ಒಂದೇ ಸಮ ಇರುವುದಿಲ್ಲ. ಇವತ್ತಿನ ಪ್ರೊಸೆಸರ್‌ಗಳಲ್ಲಿ ಒಂದು ಬರಿಯ ಸಿಸ್ಟಂ ಕಾಲ್‌ಗೆ 1 ಮೈಕ್ರೋಸೆಕೆಂಡ್‌ಗಿಂತ ಕಡಿಮೆ ಸಾಕು. ಒಂದು ಪ್ರೋಗ್ರಾಂ ಬಿಟ್ಟು ಇನ್ನೊಂದಕ್ಕೆ ಹೋಗುವ ಕಾಂಟೆಕ್ಸ್ಟ್ ಸ್ವಿಚ್ ಅದಕ್ಕಿಂತ ದುಬಾರಿ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ದೋಷ ಹೊರಬಂತು. ಕರ್ನಲ್‌ನ ಮೆಮೊರಿ ನಕ್ಷೆಯನ್ನೇ ಯೂಸರ್ ಮೋಡ್‌ನಿಂದ ಬೇರೆ ಮಾಡಬೇಕಾಯಿತು. ಆಗ ಹಳೆಯ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗಡಿ ದಾಟುವ ಬೆಲೆ ರಾತ್ರೋರಾತ್ರಿ ಏರಿತು. ಡ್ರೈವರ್ ಕೋಡ್ ಒಂದು ಸಾಲೂ ಬದಲಾಗಿರಲಿಲ್ಲ.

ಈಗ ನಿಮ್ಮ ಸೆನ್ಸರ್‌ಗೆ ಬರೋಣ. ಅದನ್ನು ಓದುವುದು 2 ಸೆಕೆಂಡಿಗೊಂದು ಸಲ. ಗೇಟ್ ಖರ್ಚಿನ ಮಾತೇ ಇಲ್ಲಿಲ್ಲ. ಹಾಗಾದರೆ ತಪ್ಪು ಯಾಕೆ? ಡಿಎಚ್‌ಟಿ22 ಒಂದೇ ತಂತಿಯಲ್ಲಿ 40 ಬಿಟ್ ಕಳಿಸುತ್ತದೆ. ಪ್ರತಿ ಬಿಟ್‌ಗೆ ಮೊದಲು 50 ಮೈಕ್ರೋಸೆಕೆಂಡ್ ತಂತಿ ಕೆಳಗೆ. ಆಮೇಲೆ 26–28 ಮೈಕ್ರೋಸೆಕೆಂಡ್ ಮೇಲಿದ್ದರೆ 0, 70 ಇದ್ದರೆ 1. ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸ ಬರೀ ಹೊತ್ತಿನದು. ನಿಮ್ಮ ಪೈಥಾನ್ ಆ ಹೊತ್ತನ್ನು ಅಳೆಯುತ್ತಾ ಕೂತಿರುವಾಗ ಶೆಡ್ಯೂಲರ್ (ಪ್ರೊಸೆಸರ್‌ನ ಸರದಿ ಹಂಚುವ ಕರ್ನಲ್‌ನ ಭಾಗ) "ಸ್ವಲ್ಪ ಸರಿ, ಫೋಟೋ ಕಳಿಸುವವನಿಗೆ ಜಾಗ ಬಿಡು" ಅನ್ನುತ್ತದೆ. 1 ಮಿಲಿಸೆಕೆಂಡ್ ಎದ್ದು ಹೋದರೆ ಎಂಟರಿಂದ ಹನ್ನೆರಡು ಬಿಟ್ ಕಣ್ಣ ಮುಂದೆಯೇ ಹೋಯಿತು. ಚೆಕ್‌ಸಮ್ ತಪ್ಪದೆ ಇನ್ನೇನು?

ನಿಮ್ಮ ಪ್ರೋಗ್ರಾಂ ನಿಧಾನ ಅಲ್ಲ. ಬೇಕಾದ ಗಳಿಗೆಯಲ್ಲಿ ಅದು ಸೀಟಿನಲ್ಲಿ ಇರುವುದಿಲ್ಲ. ಎಷ್ಟು ಬೇಗ ಅನ್ನುವುದು ಬೇರೆ ಪ್ರಶ್ನೆ, ಎಷ್ಟು ತಡವಾದರೆ ತಡೆದುಕೊಳ್ಳಬಹುದು ಅನ್ನುವುದು ಬೇರೆ ಪ್ರಶ್ನೆ.

ಮಂಡಿ_ತೂಕ

ಮೇಷ್ಟ್ರು ಹೇಳಿದ್ದಕ್ಕೆ ನಮ್ಮ ಅನುಭವವೂ ಸೇರಲಿ. ಕೋಲಾರದ ಹತ್ತಿರ ಟೊಮೇಟೊ ಗ್ರೇಡಿಂಗ್ ಯಂತ್ರಕ್ಕೆ ತೂಕದ ಭಾಗ ನಾನು ಮಾಡಿಕೊಟ್ಟಿದ್ದೆ. ಬೆಲ್ಟ್ ಕೆಳಗೆ 12 ತೂಕದ ಮಾಡ್ಯೂಲ್. ಎಲ್ಲವೂ ಒಂದೇ ಯುಎಸ್‌ಬಿ–ಸೀರಿಯಲ್ ಕೇಬಲ್ ಮೇಲೆ. ಒಂದನ್ನು ಕೇಳು, ಉತ್ತರ ಬರಲಿ, ಇನ್ನೊಂದನ್ನು ಕೇಳು. ತೂಕ ಸರಿಯಾಗೇ ಬರುತ್ತಿತ್ತು, ಆದರೆ ತಡವಾಗಿ. ಅಷ್ಟರಲ್ಲಿ ಹಣ್ಣು ಮುಂದೆ ಹೋಗಿ ಪಕ್ಕದ ತೊಟ್ಟಿಗೆ ಬೀಳುತ್ತಿತ್ತು. ನಮ್ಮ ಹುಡುಗರು "ಇದಕ್ಕೆ ಸ್ವಂತ ಕರ್ನಲ್ ಡ್ರೈವರ್ ಬೇಕು" ಅಂತ ಹಠ ಹಿಡಿದರು. ಮೂರು ವಾರ ಅದರಲ್ಲೇ ಕಳೆದೆವು.

ಕೊನೆಗೆ ಸಿಕ್ಕ ಕಾರಣ ಇದು. ಕೇಬಲ್‌ನಲ್ಲಿದ್ದದ್ದು ಎಫ್‌ಟಿಡಿಐ ಚಿಪ್. ಚಿಕ್ಕ ಉತ್ತರ ಬಂದರೆ ಆ ಚಿಪ್ ಅದನ್ನು ತಕ್ಷಣ ಕಂಪ್ಯೂಟರ್‌ಗೆ ಕೊಡುವುದಿಲ್ಲ. ಇನ್ನಷ್ಟು ಬರಬಹುದು ಅಂತ ಹಿಡಿದುಕೊಂಡು ಕಾಯುತ್ತದೆ. ಅದಕ್ಕೆ ಲೇಟೆನ್ಸಿ ಟೈಮರ್ ಅಂತ ಹೆಸರು, ಮೊದಲೇ 16 ಮಿಲಿಸೆಕೆಂಡ್ ಅಂತ ಇಟ್ಟಿರುತ್ತಾರೆ. 12 ಮಾಡ್ಯೂಲ್, ಒಂದೊಂದಕ್ಕೆ 16. ಒಂದು ಸುತ್ತಿಗೆ ಸುಮಾರು 192 ಮಿಲಿಸೆಕೆಂಡ್ ಸುಮ್ನೆ ಕಾಯುವುದರಲ್ಲೇ ಹೋಗುತ್ತಿತ್ತು. ಲಿನಕ್ಸ್‌ನಲ್ಲಿ ಆ ಟೈಮರ್‌ನ ಅಂಕಿಯನ್ನು ಒಂದು ಫೈಲ್‌ನಲ್ಲಿ ಬರೆದು ಬದಲಿಸಬಹುದು. 1 ಅಂತ ಬರೆದೆವು. ಹಣ್ಣು ಸರಿಯಾದ ತೊಟ್ಟಿಗೆ ಬೀಳತೊಡಗಿತು.

ಟೈಮರ್ ಇರುವುದು ಚಿಪ್‌ನಲ್ಲಿ. ಡ್ರೈವರ್ ಕರ್ನಲ್‌ನಲ್ಲಿದ್ದರೂ ಅದೇ 16, ಲಿಬ್‌ಯುಎಸ್‌ಬಿ ಅನ್ನುವ ಯೂಸರ್ ಮೋಡ್ ಲೈಬ್ರರಿ ಹಾಕಿ ಹೊರಗೆ ತಂದಿದ್ದರೂ ಅದೇ 16. ಮೊದಲು ಅಳೆಯಿರಿ. ಹೊತ್ತು ಎಲ್ಲಿ ಹೋಗುತ್ತಿದೆ ಅಂತ ನೋಡದೆ ಮೋಡ್ ಬದಲಿಸಬೇಡಿ.

ಚಿಂತಾಮಣಿ_ಡೈರಿ

ಕರ್ನಲ್ ಡ್ರೈವರ್ ಬರೆಯುವ ಮುಂಚೆ ನನ್ನ ಮಾತೂ ಕೇಳಿ. ಇದು ಇನ್ನೂ ನೋಯುತ್ತದೆ.

ನಮ್ಮ ಹಾಲು ತಂಪು ಮಾಡುವ ಕೇಂದ್ರದಲ್ಲಿ ಟ್ಯಾಂಕ್‌ನ ಹಾಲು 4 ಡಿಗ್ರಿಯಲ್ಲಿ ಇರಬೇಕು. ಅಳೆಯುವ ಕಾರ್ಡ್ ಕೊಟ್ಟವರು ತಮ್ಮದೇ ಕರ್ನಲ್ ಮಾಡ್ಯೂಲ್ (ಕರ್ನಲ್ ಒಳಗೆ ಸೇರುವ ಕೋಡ್ ತುಂಡು) ಕೊಟ್ಟಿದ್ದರು. ಕೋಡ್ ತೋರಿಸಲಿಲ್ಲ, ಬರೀ ಮಾಡ್ಯೂಲ್. ಒಂದು ರಾತ್ರಿ ಸೆನ್ಸರ್‌ನ ತಂತಿ ಸಡಿಲವಾಯಿತು. ಕಾರ್ಡ್‌ನಿಂದ ಬರಬೇಕಾದ ಉತ್ತರ ಬರಲಿಲ್ಲ. ಮಾಡ್ಯೂಲ್ ಇಲ್ಲದ ಮೆಮೊರಿಗೆ ಕೈ ಹಾಕಿತು, ಕರ್ನಲ್ ಪ್ಯಾನಿಕ್ ಆಗಿ ಇಡೀ ಯಂತ್ರ ನಿಂತಿತು. ಆ ಗಳಿಗೆಯಲ್ಲಿ ಕಂಪ್ರೆಸರ್‌ನ ರಿಲೇ (ಕಂಪ್ಯೂಟರ್ ನಡೆಸುವ ಸ್ವಿಚ್) ಆಫ್ ಇತ್ತು, ಆಫ್ ಆಗಿಯೇ ಉಳಿಯಿತು. ಬೆಳಗ್ಗೆ ಬಾಗಿಲು ತೆಗೆದಾಗ ಹುಳಿ ವಾಸನೆ. ಸಂಜೆ ಹಾಲು ಪೂರ್ತಿ ಚರಂಡಿಗೆ ಹೋಯಿತು. ಎರಡೇ ಹಸು ಇಟ್ಟುಕೊಂಡವರು ತಂದು ಹಾಕಿದ ಹಾಲು ಅದು.

ಅದೇ ತಪ್ಪು ಯೂಸರ್ ಮೋಡ್‌ನಲ್ಲಿ ಆಗಿದ್ದರೆ? ಒಂದು ಪ್ರೋಗ್ರಾಂ ಸಾಯುತ್ತಿತ್ತು. ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಅದನ್ನು ಒಂದೆರಡು ಸೆಕೆಂಡಿನಲ್ಲಿ ಮತ್ತೆ ಎಬ್ಬಿಸುತ್ತಿತ್ತು. ಲಾಗ್‌ನಲ್ಲಿ ಒಂದು ಸಾಲು ಬೀಳುತ್ತಿತ್ತು, ಅಷ್ಟೆ. ಈಗ ನಮ್ಮದೆಲ್ಲ ಯೂಸರ್ ಮೋಡ್‌ನಲ್ಲಿದೆ. ಅದರ ಮೇಲೆ ಹಾರ್ಡ್‌ವೇರ್ ವಾಚ್‌ಡಾಗ್, ಕಂಪ್ಯೂಟರ್ ಸ್ತಬ್ಧವಾದರೆ ಅದೇ ರೀಸೆಟ್ ಮಾಡುತ್ತದೆ. ರಿಲೇಯನ್ನೂ ತಿರುಗಿಸಿ ಕಟ್ಟಿಸಿದ್ದೇನೆ. ಕಂಪ್ಯೂಟರ್ ಸುಮ್ಮನಾದರೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದು ಅಪ್ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅಪ್ಡೇಟ್‌ನಲ್ಲಿ ಬಂದದ್ದು ಒಂದು ಡೇಟಾ ಫೈಲ್. ಅದನ್ನು ಓದಿ ಎಡವಿದ ಕೋಡ್ ಕರ್ನಲ್ ಮೋಡ್‌ನಲ್ಲಿತ್ತು, ಅದಕ್ಕೇ ಇಡೀ ಯಂತ್ರ ಬಿತ್ತು.

ನರಸಾಪುರ_ಶಿಫ್ಟ್

ಹಾಲಿನ ವಿಷಯ ಓದಿ ಬೇಜಾರಾಯಿತು. ನಾನು ಮೊದಲು ಬರೆದದ್ದು ಅವಸರದ ಮಾತು, ತಿದ್ದಿಕೊಳ್ಳುತ್ತೇನೆ. ಆದರೆ ಒಂದು ವಿಷಯ ಬಿಟ್ಟುಕೊಡುವುದಿಲ್ಲ.

ಇಂಟರಪ್ಟ್ ಬಳಸುವ ಕಾರ್ಡ್‌ಗೆ ಪೂರ್ತಿ ಯೂಸರ್ ಮೋಡ್ ಡ್ರೈವರ್ ಅನ್ನುವುದೇ ಇಲ್ಲ. ಹಳೆಯ ಪಿಸಿಐ ಕಾರ್ಡ್‌ಗಳ ಇಂಟರಪ್ಟ್ ತಂತಿ, ಯಾರಾದರೂ ಬಂದು "ನೋಡಿದೆ" ಅನ್ನುವ ತನಕ ಎಳೆದೇ ಇರುತ್ತದೆ. ಯೂಸರ್ ಮೋಡ್ ಪ್ರೋಗ್ರಾಂ ಎದ್ದು ಬರುವ ತನಕ ಅದನ್ನು ಹಾಗೇ ಬಿಟ್ಟರೆ, ಅದೇ ಇಂಟರಪ್ಟ್ ಮತ್ತೆ ಮತ್ತೆ ಬಂದು ಆ ಪ್ರೋಗ್ರಾಂ ಏಳುವುದಕ್ಕೂ ಬಿಡುವುದಿಲ್ಲ. ಅದಕ್ಕೇ 2007ರಲ್ಲಿ ಲಿನಕ್ಸ್ 2.6.23ಕ್ಕೆ ಬಂದ, ಯೂಸರ್ ಮೋಡ್ ಡ್ರೈವರ್‌ಗಳಿಗೆಂದೇ ಇರುವ ಯುಐಓದಲ್ಲೂ ಕರ್ನಲ್ ಒಳಗೆ ಚಿಕ್ಕದೊಂದು ತುಂಡು ಉಳಿಸಿದ್ದಾರೆ. ಅದರ ಕೆಲಸ ಇಂಟರಪ್ಟ್ ಬಾಯಿ ಮುಚ್ಚಿಸಿ, ಹೊರಗಿನವನಿಗೆ ಸುದ್ದಿ ಮುಟ್ಟಿಸುವುದು.

ಇನ್ನೊಂದು ಸಂಗತಿ. ನಮ್ಮ ಮೋಟಾರ್ ಲೈನ್‌ಗೆ 1 ಮಿಲಿಸೆಕೆಂಡ್‌ಗೊಂದು ಸಲ ಆಜ್ಞೆ ಹೋಗಬೇಕು. ಇದಕ್ಕೆ ಕರ್ನಲ್ ಮಾಡ್ಯೂಲ್ ಬಿಟ್ಟರೆ ಗತಿ ಇಲ್ಲ ಅಂತ ನಾವು ಬಹಳ ವರ್ಷ ನಂಬಿದ್ದೆವು. ರಿಯಲ್‌ಟೈಂ ಪ್ಯಾಚ್ (ಹೊತ್ತು ತಪ್ಪದಂತೆ ಕೆಲಸ ನಡೆಸುವ ತಿದ್ದುಪಡಿ) ಹಾಕಿದ ಕರ್ನಲ್‌ನಲ್ಲಿ, ಹೆಚ್ಚಿನ ಆದ್ಯತೆ ಕೊಟ್ಟು, ಮೆಮೊರಿ ಲಾಕ್ ಮಾಡಿ, ಒಂದು ಕೋರ್ ಬಿಡಿಸಿಟ್ಟ ಮೇಲೆ ಯೂಸರ್ ಮೋಡ್ ಥ್ರೆಡ್ ಅದನ್ನು ಸಲೀಸಾಗಿ ನಡೆಸುತ್ತಿದೆ. 2024ರಲ್ಲಿ ಆ ಪ್ಯಾಚ್ ಲಿನಕ್ಸ್ 6.12ರಲ್ಲಿ ಮುಖ್ಯ ಕರ್ನಲ್‌ಗೇ ಸೇರಿತು. 1 ಮಿಲಿಸೆಕೆಂಡ್ ಸರಿ. ಆದರೆ ಶಿಡ್ಲಘಟ್ಟದವರದು 28ಕ್ಕೂ 70ಕ್ಕೂ ನಡುವಿನ ಮೈಕ್ರೋಸೆಕೆಂಡ್ ಆಟ. ಅದಕ್ಕೆ ಇಂಟರಪ್ಟೇ ಬೇಕು.

ತುಮಕೂರು_ಲೋಕಲ್

ಡೈರಿಯವರಿಗೆ ಒಂದು ಎಚ್ಚರಿಕೆ. ಯೂಸರ್ ಮೋಡ್ ಅಂದ ತಕ್ಷಣ ಭಯ ಇಲ್ಲ ಅಂದುಕೊಳ್ಳಬೇಡಿ. ಡಿಎಂಎ ಮಾಡುವ ಕಾರ್ಡ್‌ಗೆ ನಿಮ್ಮ ಪ್ರೋಗ್ರಾಂ ತಪ್ಪು ವಿಳಾಸ ಕೊಟ್ಟರೆ, ಕಾರ್ಡ್ ಹೋಗಿ ಕರ್ನಲ್‌ನ ಮೆಮೊರಿಯ ಮೇಲೇ ಬರೆಯಬಹುದು. ಪ್ರೊಸೆಸರ್‌ನ ಮೋಡ್ ಕಾರ್ಡನ್ನು ತಡೆಯುವುದಿಲ್ಲ. ತಡೆಯುವುದು ಐಓಎಂಎಂಯು, ಅಂದರೆ ಕಾರ್ಡ್ ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವ ಹಾರ್ಡ್‌ವೇರ್. ಲಿನಕ್ಸ್‌ನಲ್ಲಿ ಯುಐಓ ತರಹದ್ದೇ ಆದ ವಿಎಫ್‌ಐಓ ಬಳಸಿದರೆ ಆ ಕಾವಲು ಸಿಗುತ್ತದೆ, ಬರೀ ಯುಐಓದಲ್ಲಿ ಸಿಗುವುದಿಲ್ಲ. ಯುಎಸ್‌ಬಿ ಸಾಧನಗಳಿಗೆ ಈ ಚಿಂತೆ ಇಲ್ಲ, ಅಲ್ಲಿ ಡಿಎಂಎ ಮಾಡುವುದು ಕಂಪ್ಯೂಟರ್ ಕಡೆಯ ಹೋಸ್ಟ್ ಕಂಟ್ರೋಲರ್.

ಪಾಠದ_ಮೇಷ್ಟ್ರು

ಒಳಗೋ ಹೊರಗೋ ಅನ್ನುವ ಜಗಳ ಹಳೆಯದು. 1992ರಲ್ಲಿ ಮಿನಿಕ್ಸ್ ಬರೆದ ಟನೆನ್‌ಬಾಮ್ ಮತ್ತು ಲಿನಕ್ಸ್ ಬರೆದ ಟೋರ್ವಾಲ್ಡ್ಸ್ ಇದಕ್ಕೇ ಜಟಾಪಟಿ ಮಾಡಿದ್ದರು. ಆದರೆ ಮಕ್ಕಳಿಗೆ ನಾನು ಹೇಳುವುದು ವಿಂಡೋಸ್‌ನ ಕಥೆ. ಅಲ್ಲಿ ಒಂದೇ ಡ್ರೈವರ್ ಎರಡೂ ಕಡೆ ಓಡಾಡಿದೆ. ಮೊದಲ ವಿಂಡೋಸ್ ಎನ್‌ಟಿಗಳಲ್ಲಿ ಪರದೆಯ ಮೇಲೆ ಕಿಟಕಿ ಬಿಡಿಸುವ ಕೆಲಸ ಯೂಸರ್ ಮೋಡ್‌ನ ಒಂದು ಪ್ರೋಸೆಸ್‌ನಲ್ಲಿತ್ತು. ಗೆರೆ ಎಳೆಯುವುದಕ್ಕೂ ಗಡಿ ದಾಟಿ ಹೋಗಬೇಕು, ನಿಧಾನ. 1996ರ ಎನ್‌ಟಿ 4.0ದಲ್ಲಿ ಅದನ್ನೂ ಗ್ರಾಫಿಕ್ಸ್ ಡ್ರೈವರನ್ನೂ ಕರ್ನಲ್ ಒಳಗೆ ತಂದರು. ವೇಗ ಬಂತು. ಜೊತೆಗೇ, ಗ್ರಾಫಿಕ್ಸ್ ಡ್ರೈವರ್ ತಪ್ಪು ಮಾಡಿದರೆ ನೀಲಿ ಪರದೆ. 2007ರಲ್ಲಿ ಜನರ ಕೈಗೆ ಬಂದ ವಿಸ್ತಾದಲ್ಲಿ ಡ್ರೈವರನ್ನೇ ಎರಡು ಭಾಗ ಮಾಡಿದರು. ಶೇಡರ್ (ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಕಂಪೈಲ್ ಮಾಡುವುದು, ಆಜ್ಞೆಗಳ ಪಟ್ಟಿ ಕಟ್ಟುವುದು, ಈ ದೊಡ್ಡ ಭಾಗ ಹೊರಗೆ. ಮೆಮೊರಿ ಹಂಚುವುದು, ಸರದಿ ನೋಡುವುದು, ಈ ಚಿಕ್ಕ ಭಾಗ ಒಳಗೆ. ಪಟ್ಟಿ ತುಂಬಿದ ಮೇಲೆ ಒಂದೇ ಸಲ ಗಡಿ ದಾಟುತ್ತದೆ. ಜಿಪಿಯು (ಗ್ರಾಫಿಕ್ಸ್ ಚಿಪ್) 2 ಸೆಕೆಂಡ್ ಸುಮ್ಮನಾದರೆ ವಿಂಡೋಸ್ ಅದನ್ನು ರೀಸೆಟ್ ಮಾಡಿ ಮುಂದೆ ಹೋಗುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬರುವುದನ್ನು ಹಲವರು ನೋಡಿರುತ್ತೀರಿ. ಲಿನಕ್ಸ್‌ನ ಗ್ರಾಫಿಕ್ಸ್ ಲೈಬ್ರರಿ ಮೆಸಾ ಕೂಡ ಹೀಗೇ, ಹೆಚ್ಚಿನ ಕೆಲಸ ಹೊರಗೆ.

ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ಆ ಗೆರೆ ಎಳೆದ ಜಾಗ. ಹೊತ್ತು ತಪ್ಪಬಾರದ್ದು, ಎಲ್ಲರ ಪಾಲಿನದ್ದು ಒಳಗೆ. ತಪ್ಪು ಹೆಚ್ಚು ಆಗುವ ದೊಡ್ಡ ಕೋಡ್ ಹೊರಗೆ. 2001ರಲ್ಲಿ ಲಿನಕ್ಸ್ ಕೋಡ್ ಜಾಲಾಡಿದ ಒಂದು ಅಧ್ಯಯನದಲ್ಲಿ, ಡ್ರೈವರ್‌ಗಳಲ್ಲಿ ತಪ್ಪಿನ ಪ್ರಮಾಣ ಉಳಿದ ಕರ್ನಲ್‌ಗಿಂತ ಮೂರರಿಂದ ಏಳು ಪಟ್ಟು ತನಕ ಜಾಸ್ತಿ ಕಂಡಿತ್ತು.

ಶಿಡ್ಲಘಟ್ಟದವರೇ, ನೀವು ಕರ್ನಲ್ ಕೋಡ್ ಬರೆಯಲೇಬೇಕಾಗಿಲ್ಲ. ಡಿಎಚ್‌ಟಿ11, ಡಿಎಚ್‌ಟಿ22 ಎರಡಕ್ಕೂ ಲಿನಕ್ಸ್ ಕರ್ನಲ್‌ನಲ್ಲೇ ಡ್ರೈವರ್ ಇದೆ. ಅದರ ಹೆಸರು ಡಿಎಚ್‌ಟಿ11 ಅಂತಲೇ. ಪೈನ ಕಾನ್ಫಿಗ್ ಫೈಲ್‌ನಲ್ಲಿ ಓವರ್‌ಲೇ (ಯಾವ ಸಾಧನ ಸೇರಿಸಿದೆ ಅಂತ ಕರ್ನಲ್‌ಗೆ ಹೇಳುವ) ಸಾಲು ಒಂದು ಸೇರಿಸಿ, ಪಿನ್ ನಂಬರ್ ಕೊಡಿ. ಅದು ಪಿನ್ ನೋಡುತ್ತಾ ಕೂರುವುದಿಲ್ಲ. ತಂತಿ ಮೇಲೆ ಕೆಳಗೆ ಆದಾಗಲೆಲ್ಲ ಇಂಟರಪ್ಟ್ ಬರುತ್ತದೆ, ಆ ಹೊತ್ತನ್ನು ಬರೆದುಕೊಳ್ಳುತ್ತದೆ, ಕೊನೆಯಲ್ಲಿ ಲೆಕ್ಕ ಹಾಕುತ್ತದೆ. ಫ್ಯಾನ್, ಫಾಗರ್ ತೀರ್ಮಾನವೆಲ್ಲ ಪೈಥಾನ್‌ನಲ್ಲೇ ಇರಲಿ.

ಶಿಡ್ಲಘಟ್ಟ_ಗೂಡು

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬ ಥ್ಯಾಂಕ್ಸ್.

ಶನಿವಾರ ಊರಿಗೆ ಹೋಗಿ ಓವರ್‌ಲೇ ಹಾಕಿದೆ. ಈಗ ಸೆನ್ಸರ್ ಒಂದು ಫೈಲ್ ತರಹ ಕಾಣುತ್ತದೆ. ಓದಿದರೆ 24800 ಅಂತ ಬಂತು, ಅಂದರೆ 24.8 ಡಿಗ್ರಿ. ನನ್ನ ಪೈಥಾನ್‌ನಲ್ಲಿ ಪಿನ್ ಕಾಯುತ್ತಿದ್ದ ನಲವತ್ತು ಸಾಲು ಅಳಿಸಿ ಒಂದು ಸಾಲು ಹಾಕಿದೆ. ಬೇಕಂತಲೇ ಕ್ಯಾಮೆರಾ ಅಪ್ಲೋಡ್ ಓಡಿಸುತ್ತಾ ರಾತ್ರಿಯೆಲ್ಲ ಬಿಟ್ಟೆ. ತಪ್ಪು ಪೂರ್ತಿ ಹೋಗಿಲ್ಲ. ಆಗೊಮ್ಮೆ ಈಗೊಮ್ಮೆ ಟೈಮ್‌ಔಟ್ ಅನ್ನುತ್ತದೆ. ಆದರೆ ಎರಡು ಸೆಕೆಂಡ್ ಬಿಟ್ಟು ಮತ್ತೆ ಕೇಳಿದರೆ ಕೊಡುತ್ತದೆ. ಕರ್ನಲ್ ಒಳಗೂ ಯಾಕೆ ತಪ್ಪುತ್ತದೆ?

ನರಸಾಪುರ_ಶಿಫ್ಟ್

ಬೇರೆ ಡ್ರೈವರ್ ಇಂಟರಪ್ಟ್‌ಗಳನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟರೆ ನಿಮ್ಮದೂ ಕಾಯಬೇಕು. ಕರ್ನಲ್ ಒಳಗೂ ಸರದಿ ಇದೆ. ಪೂರ್ತಿ ನೆಮ್ಮದಿ ಬೇಕಾದರೆ ಹೊತ್ತು ಎಣಿಸುವ ಕೆಲಸವನ್ನು ಹಾರ್ಡ್‌ವೇರ್‌ಗೆ ಕೊಡಿ. ಪೈ 3ರಲ್ಲಿ ಪಿಗ್‌ಪಿಯೋ ಲೈಬ್ರರಿ ಹಾಗೇ ಮಾಡುತ್ತದೆ. ಯೂಸರ್ ಮೋಡ್‌ನಲ್ಲೇ ಕೂತು, ಡಿಎಂಎ ಕೈಯಲ್ಲಿ 5 ಮೈಕ್ರೋಸೆಕೆಂಡ್‌ಗೊಮ್ಮೆ ಪಿನ್ ಓದಿಸುತ್ತದೆ. ಇಲ್ಲವೇ ಐ2ಸಿ (ಡೇಟಾಗೆ ಒಂದು, ಗಡಿಯಾರಕ್ಕೆ ಒಂದು ತಂತಿ ಇರುವ) ಸೆನ್ಸರ್ ಹಾಕಿ. ಅಲ್ಲಿ ಗಡಿಯಾರದ ತಂತಿ ಪೈನ ಕೈಯಲ್ಲೇ ಇರುತ್ತದೆ, ಪ್ರೋಗ್ರಾಂ ತಡ ಮಾಡಿದರೂ ಬಿಟ್ ಕಳೆದುಹೋಗುವುದಿಲ್ಲ.

ಶಿಡ್ಲಘಟ್ಟ_ಗೂಡು

ಪೆಟ್ಟಿಗೆಯಿಂದ ಹುಳುವಿನ ಸ್ಟ್ಯಾಂಡ್‌ಗೆ 12 ಮೀಟರ್ ತಂತಿ ಇದೆ. ಐ2ಸಿ ಅಷ್ಟು ದೂರ ಎಳೆಯುವುದು ಕಷ್ಟ ಅನ್ನಿಸುತ್ತದೆ.

ಮಂಡಿ_ತೂಕ

ಎಳೆಯಬೇಡಿ. ಸ್ಟ್ಯಾಂಡ್ ಹತ್ತಿರವೇ ಚಿಕ್ಕ ಮೈಕ್ರೋಕಂಟ್ರೋಲರ್ ಒಂದನ್ನು ಇಟ್ಟು ಅದರಿಂದ ಸೆನ್ಸರ್ ಓದಿಸಿ. ಅಲ್ಲಿಂದ ಪೈಗೆ ಆರ್‌ಎಸ್-485 (ದೂರ ಕಳಿಸುವ ಸೀರಿಯಲ್) ತಂತಿ ಹಾಕಿ, ನೂರಾರು ಮೀಟರ್ ಬರುತ್ತದೆ. ನಮ್ಮ ಮಾಡ್ಯೂಲ್‌ಗಳೂ ಅದರಲ್ಲೇ ಇವೆ. ಯುಎಸ್‌ಬಿ ಕೇಬಲ್ ತಂದ ಮೇಲೆ ಆ 16 ಅನ್ನು ಒಮ್ಮೆ ನೋಡಿಕೊಳ್ಳಿ. 2 ಸೆಕೆಂಡಿಗೊಂದು ಸಲ ಕೇಳುವ ನಿಮಗೆ ಅದು ಅಡ್ಡ ಬರುವುದಿಲ್ಲ, ಆದರೂ ಗೊತ್ತಿರಲಿ.

ಶಿಡ್ಲಘಟ್ಟ_ಗೂಡು

ಸರಿ, ಮುಂದಿನ ಬೆಳೆಗೆ ಹಾಗೇ ಮಾಡುತ್ತೇನೆ. ಈ ಬೆಳೆಗೆ ಕರ್ನಲ್‌ನ ಡ್ರೈವರ್ ಸಾಕು. ಡೈರಿಯವರ ಮಾತು ಮನಸ್ಸಿಗೆ ನಾಟಿತ್ತು, ನಿನ್ನೆ ಫ್ಯಾನ್‌ನ ರಿಲೇಯನ್ನೂ ತಿರುಗಿಸಿ ಕಟ್ಟಿದೆ. ಪೈನ ಪ್ಲಗ್ ಕಿತ್ತು ನೋಡಿದೆ, ಫ್ಯಾನ್ ಓಡುತ್ತಲೇ ಇತ್ತು. ಅಮ್ಮ ಬಂದು "ಯಾಕೋ ಫ್ಯಾನ್ ನಿಲ್ಲಲೇ ಇಲ್ಲ?" ಅಂದರು. ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನ ಆಗಿದೆ, ಸೊಪ್ಪು ತಿನ್ನುವ ಸದ್ದು ಹೊರಗಿನ ಜಗಲಿಗೂ ಕೇಳುತ್ತಿದೆ.